ಐದನೇ ಗಂಟು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಸ್ಟೂಲು. ಅದೂ ಇಲ್ಲದ ಸ್ಟೂಲು. ಇದ್ದ ಸ್ಟೂಲಿನಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಲೋಕ ಬೇಕಾದಷ್ಟು ಕಂಡಿದೆ. ಇಲ್ಲದ ಸ್ಟೂಲಿನಿಂದ ಬಿದ್ದವನು ಮಾತ್ರ ನಗರದ ಕಲಾ ಸಂಗ್ರಹಾಲಯದ ಶಿಲ್ಪಾಂಗಣವನ್ನು ಕಾಯುವ ಕಾವಲುಗಾರನೊಬ್ಬನೇ.

ಅವನಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಆದರೆ ಕೆಲಸಕ್ಕೆ ಸೇರಿದಂದಿನಿಂದ ಬೆಳಗಿನಿಂದ ಸಂಜೆಯವರೆಗೆ ಒಂದೇ ಮಾತು, "ಮುಟ್ಟಬೇಡಿ", ಹೇಳಿ ಹೇಳಿ ಆ ಹೆಸರು ಸವೆದುಹೋಗಿ ಈ ಮಾತೇ ಹೆಸರಾಗಿ ನಿಂತಿತ್ತು. ಟಿಕೆಟ್ ಕೌಂಟರಿನವಳಿಗೆ ಅವನು ಮುಟ್ಟಬೇಡಿ, ಬೀದಿಯ ಮಕ್ಕಳಿಗೆ ಮುಟ್ಟಬೇಡಿ ಮಾಮ. ರಾತ್ರಿ ಹೆಂಡತಿ ಹೊದಿಕೆ ಸರಿಮಾಡಲು ಕೈ ಚಾಚಿದರೂ ನಿದ್ದೆಗಣ್ಣಲ್ಲೇ "ಮುಟ್ಟಬೇಡಿ" ಎನ್ನುತ್ತಿದ್ದ. "ಆಯ್ತು ಸಾಹೇಬ್ರೇ" ಎಂದು ಅವಳು ಗೋಡೆಯ ಕಡೆ ಹೊರಳುತ್ತಿದ್ದಳು. ಅವನ ಅಜ್ಜ ಈ ಮಾತನ್ನು ಕೇಳಿಸಿಕೊಂಡೇ ಬೆಳೆದಿದ್ದ, ಅಪ್ಪನೂ ಕೇಳಿಸಿಕೊಂಡೇ ಬೆಳೆದಿದ್ದ. ಅದನ್ನು ಇನ್ನೊಬ್ಬರಿಗೆ ಹೇಳುವ ಅಧಿಕಾರ ಆ ಮನೆತನದಲ್ಲಿ ಸಿಕ್ಕಿದ್ದು ಇವನಿಗೇ ಮೊದಲು.

ಅಧಿಕಾರ ಸಿಕ್ಕಿತ್ತು, ಕೂರಲು ಜಾಗ ಸಿಕ್ಕಿರಲಿಲ್ಲ. ನೋಡಲು ಬಂದವರಿಗೆ ಮಖಮಲ್ಲಿನ ಬೆಂಚುಗಳಿದ್ದವು. ಕಾವಲುಗಾರರನ್ನು ಗುತ್ತಿಗೆಗೆ ಒದಗಿಸುತ್ತಿದ್ದ ಏಜೆನ್ಸಿಯ ಕಚೇರಿಯಲ್ಲಿ ಮಾತ್ರ, ಗೋಡೆ ತುಂಬ ಕೆಂಪಕ್ಷರದಲ್ಲಿ, "ನಿಂತವನು ಕಾವಲುಗಾರ, ಕೂತವನು ಸೋಮಾರಿ" ಎಂದು ಬರೆಸಲಾಗಿತ್ತು. ಏಜೆನ್ಸಿಯ ಯಜಮಾನರು ಅದನ್ನು ತಾವೇ ಹೊಸೆದ ಗಾದೆ ಎಂದು ಹೆಮ್ಮೆಪಡುತ್ತಿದ್ದರಂತೆ; ಬಹುಶಃ ಕೂತುಕೊಂಡೇ ಹೊಸೆದಿರಬೇಕು. ಹೀಗೆ ನಿಂತು ನಿಂತು ಮುಟ್ಟಬೇಡಿಯ ಬಲಮಂಡಿ ಬಾತು ಎಳನೀರಿನ ಬುರುಡೆಯಷ್ಟಾಗಿತ್ತು. ಡಾಕ್ಟರು ಇನ್ನು ನಿಲ್ಲಲೇಬೇಡ ಎಂದಿದ್ದರು. ಹಾಗೆಂದವರು ನಿಲ್ಲದೆ ತಿನ್ನುವುದು ಹೇಗೆಂದು ಬರೆದುಕೊಟ್ಟಿರಲಿಲ್ಲ.

ಆ ದಿನ ಬೆಳಗ್ಗೆ ಬುತ್ತಿಯ ಡಬ್ಬಿ ಕೈಗಿಡುತ್ತ ಹೆಂಡತಿ ಕೊನೆಯ ಮಾತು ಹೇಳಿಯೇಬಿಟ್ಟಳು: "ಇವತ್ತೂ ಸ್ಟೂಲ್ ಕೇಳ್ದೆ ಬಂದ್ರೆ, ಇನ್ಮೇಲೆ ಮನೇಲೂ ನಿಂತ್ಕೊಂಡೇ ಊಟ."

ಅವಳು ಆಡಿದ್ದನ್ನು ಮಾಡುವವಳು. ಹಾಗಾಗಿ ಮುಟ್ಟಬೇಡಿ ಸಂಗ್ರಹಾಲಯದ ಬಾಗಿಲು ದಾಟಿದವನೇ ಉಪನಿರ್ದೇಶಕಿಯನ್ನು ಹುಡುಕಿಕೊಂಡು ಹೋದ. ಎಲ್ಲರೂ ಮೇಡಂ ಎನ್ನುತ್ತಿದ್ದ ಆಕೆಯ ಚಪ್ಪಲಿಯ ಸದ್ದು ಮೊದಲು ಬರುತ್ತಿತ್ತು, ಆದೇಶ ಆಮೇಲೆ, ಆಕೆ ಕೊನೆಗೆ. ಒಂದು ಆದೇಶದ ಬಾಲ ಇನ್ನೊಂದರ ಬಾಯಲ್ಲಿರುತ್ತಿದ್ದುದರಿಂದ ಯಾವುದು ಎಲ್ಲಿ ಮುಗಿಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಅವತ್ತು ಆಕೆಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. "ಕಣ್ಣಿಗೆ ರಜೆ" ಎಂಬ ವಿಶೇಷ ಕಾರ್ಯಕ್ರಮವಿತ್ತು. ಬೆತ್ತದ ಕುರ್ಚಿ ಹೆಣೆಯುವ ಕಾರ್ಖಾನೆಯಿಂದ ಕಣ್ಣು ಕಾಣದ ಐದು ಜನ ಬರುವವರಿದ್ದರು. ಅವರು ಶಿಲ್ಪಗಳನ್ನು ಮುಟ್ಟಿ ನೋಡಬಹುದು. ಇಷ್ಟಕ್ಕೇ ನಿಂತಿದ್ದರೆ ಒಳ್ಳೆಯ ಕೆಲಸವೇ. ಆದರೆ ಸಂಗ್ರಹಾಲಯದ ಮಹಾಪೋಷಕರು ಐದು ಜನ, ಬಡವರಿಗೆ ಸಿಗುವ ಅನುಭವ ತಮಗೇಕೆ ಇಲ್ಲವೆಂದು ಕೇಳಿದ್ದರಿಂದ, ಅವರೂ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಜೊತೆಗೆ ಬರುವುದೆಂದು ತೀರ್ಮಾನವಾಗಿತ್ತು. ಕಣ್ಣಿಲ್ಲದವರೊಬ್ಬರು, ಕಣ್ಣು ಕಟ್ಟಿಕೊಂಡವರೊಬ್ಬರು, ಹೀಗೆ ಜೋಡಿ. ಸಮಾನತೆಯಲ್ಲಿ ಒಂದು ಚೂರೂ ಕೊರತೆಯಾಗಬಾರದೆಂದು ವಿವರಣೆ ಕೊಡುವ ಗೈಡಿಗೂ ಪಟ್ಟಿ ಕಟ್ಟಲು ಮೇಡಂ ಆದೇಶಿಸಿದ್ದರು. ದೀಪ ಆರಿಸಿ ಪರದೆ ಎಳೆದ ಕೋಣೆಯಲ್ಲಿ ನೋಡುವ ಕಣ್ಣೆಂದರೆ ಕಾವಲುಗಾರನದು ಮಾತ್ರ.

ದಾರಿ ತಪ್ಪದಿರಲು ಏಳು ಪ್ರತಿಮೆಗಳ ಉದ್ದಕ್ಕೂ ಒಂದು ಹಗ್ಗ ಎಳೆದಿದ್ದರು. ಪ್ರತಿಯೊಂದು ಪ್ರತಿಮೆಯ ಬಳಿ ಹಗ್ಗಕ್ಕೊಂದು ಗಂಟು. ಎಡಗೈಯಲ್ಲಿ ಹಗ್ಗ ಹಿಡಿದು ನಡೆಯಬೇಕು. ಗಂಟು ಸಿಕ್ಕಿತೆಂದರೆ ನಿಂತು ಬಲಗೈ ಚಾಚಬೇಕು. ಹಿಂದಿನ ಸಂಜೆ ಕೂತು, ಅಂದರೆ ನಿಂತು, ಗಂಟು ಹಾಕಿದವನು ಮುಟ್ಟಬೇಡಿಯೇ.

ಆದರೆ ಬೆಳಗ್ಗೆ ನೋಡಿದರೆ ಐದನೇ ಪ್ರತಿಮೆಯ, ಕಂಚಿನ ಸೇನಾಪತಿಯ, ಹಿಮ್ಮಡಿಯಲ್ಲಿ ಬಿರುಕು. ಮಹಾಪೋಷಕರ ಮೇಲೆ ಸೇನಾಪತಿ ಬಿದ್ದರೆ ಗತಿಯೇನು? ದುರಸ್ತಿಯವರು ಓಡಿ ಬಂದರು. ಅವನನ್ನು ಮೆಲ್ಲಗೆ ಮಲಗಿಸಿ, ಕೆಳಗೆ ಮೆತ್ತೆ ಹಾಕಿ, ಮೇಲೆ ಹೊದಿಸಿ, ಗಾಲಿಯ ಗಾಡಿಯಲ್ಲಿ ತಳ್ಳಿಕೊಂಡು ಹೋದರು. ಗಾಡಿ ಮರೆಯಾಗುವವರೆಗೆ ಮುಟ್ಟಬೇಡಿ ನೋಡುತ್ತಲೇ ನಿಂತ. ಒಂದು ಹಿಮ್ಮಡಿ ಬಿರಿದದ್ದಕ್ಕೆ ಕಂಚಿಗೆ ಹಾಸಿಗೆಯೂ ಉಂಟು, ರಜೆಯೂ ಉಂಟು.

ಈಗ ನಾಲ್ಕನೇ ಪ್ರತಿಮೆಯಾದ ಕುದುರೆಗೂ ಆರನೆಯದಾದ ತಾಯಿ-ಮಗುವಿಗೂ ನಡುವೆ ಹಗ್ಗ ಜೋತು ನೆಲಕ್ಕೆ ಬಿದ್ದಿತ್ತು. ಉಳಿದದ್ದು ಗೇಣೆತ್ತರದ ಬೋಳು ಪೀಠ. ಅಲ್ಲಿಗೆ ಮೇಡಂ ಬಂದರು. ಇವನು ಸ್ಟೂಲಿನ ಮಾತು ತೆಗೆದ. ಆಕೆ ಹಗ್ಗ ನೋಡಿದರು, ಪೀಠ ನೋಡಿದರು, ಇವನನ್ನು ನೋಡಿದರು.

"ನೀನೇ ಪೀಠದ ಮೇಲೆ ನಿಂತು ಐದನೇ ಗಂಟು ಹಿಡ್ಕೋ. ಬಿಟ್ಯೋ, ಹತ್ತು ಜನ ಒಬ್ಬರ ಮೇಲೊಬ್ಬರು ಬೀಳ್ತಾರೆ. ಐದನೇದನ್ನ ಬಿಟ್ಟು ಮುಂದೆ ಹೋಗು ಅಂತ ಗೈಡ್‌ಗೆ ಹೇಳಿದೀನಿ. ಇನ್ನೊಂದು, ಇವತ್ತು ನಿನ್ನ ಬಾಯಿಂದ ಆ ಮಾತು ಬರಕೂಡದು."

"ಯಾವ ಮಾತು ಮೇಡಂ?"

"ಅದೇ. ಆ ಮಾತೂ ಬೇಡ, ಬೇರೆ ಯಾವ ಮಾತೂ ಬೇಡ. ಮುಟ್ಟೋಕೇ ಬಂದೋರಿಗೆ ಮುಟ್ಟಬೇಡಿ ಅಂದ್ರೆ ಕಾರ್ಯಕ್ರಮ ಮಣ್ಣು ಮುಕ್ಕುತ್ತೆ. ನಿನ್ನಿಂದ ಒಂದು ದೂರೂ ಬರದಿದ್ರೆ ಸಂಜೆಯೊಳಗೆ ಈ ಹಾಲ್‌ನಲ್ಲಿ ಒಂದು ಸ್ಟೂಲ್ ಇರುತ್ತೆ. ನನ್ನ ಮಾತು."

ಕಾವಲುಗಾರ ಕಾಯಬಾರದು, ಮುಟ್ಟಬೇಡಿ ಎನ್ನಬಾರದು, ಪ್ರತಿಮೆ ಇಲ್ಲದ ಕಡೆ ಪ್ರತಿಮೆಯ ಗಂಟು ಹಿಡಿದು ನಿಲ್ಲಬೇಕು. ಮುಟ್ಟಬೇಡಿಗೆ ತಲೆಬುಡ ಗೊತ್ತಾಗಲಿಲ್ಲ. ಗೊತ್ತಾದದ್ದು ಸ್ಟೂಲೊಂದೇ. ಅದನ್ನೇ ಕಣ್ಣ ಮುಂದಿಟ್ಟುಕೊಂಡು ಪೀಠ ಹತ್ತಿದ. ಬಾಗಿಲು ಕಾಯುವ ಸಹೋದ್ಯೋಗಿ, ಸದಾ ಬಾಯಿ ತೆರೆದೇ ಇರುತ್ತಿದ್ದುದರಿಂದ ಆಕಳಿಕೆ ಎಂದು ಹೆಸರಾದವನು, ಇಣುಕಿ ನೋಡಿ, "ಏನಣ್ಣಾ, ಬಡ್ತಿ ಬಂತಾ? ಒಂದು ಗೇಣು ಮೇಲೆ ಹೋಗಿದೀಯ" ಎಂದು ಹೇಳಿ ದೀಪ ಆರಿಸಿ ಬಾಗಿಲು ಮುಚ್ಚಿಕೊಂಡು ಹೋದ.

ಸ್ವಲ್ಪ ಹೊತ್ತಿಗೆ ಸಾಲು ಒಳಗೆ ಬಂತು. ಮುಂದೆ ಕಣ್ಣು ಕಟ್ಟಿಕೊಂಡ ಗೈಡ್, ಹೊಸದಾಗಿ ಸೇರಿದ ಹುಡುಗಿ. ಅವಳ ಹಿಂದೆ ಬೆತ್ತ ಹೆಣೆಯುವ ಅಜ್ಜಿಯೊಬ್ಬಳು, ಅಜ್ಜಿಯ ಸೆರಗನ್ನೇ ಹಿಡಿದುಕೊಂಡು ದಪ್ಪನೆಯ ಗಂಡಸೊಬ್ಬರು. ಪರದೆಯ ಸಂದಿಯ ಬೆಳಕಿನಲ್ಲಿ ಆ ಮುಖ ಕಂಡದ್ದೇ ಮುಟ್ಟಬೇಡಿ ಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಪಟ್ಟಿ ಕಟ್ಟಿದ್ದರೂ ಗುರುತು ಸಿಗದ ಮುಖವಲ್ಲ ಅದು. ಏಜೆನ್ಸಿಯ ಗೋಡೆಯಲ್ಲಿ ಆ ಕೆಂಪಕ್ಷರದ ಗಾದೆಯ ಪಕ್ಕದಲ್ಲೇ ಅದರ ಫೋಟೋ ತೂಗುತ್ತಿತ್ತು. ಗಾದೆ ಹೊಸೆದ ಯಜಮಾನರು.

ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂದು ಮುಟ್ಟಬೇಡಿ ಅಂದುಕೊಂಡ. ಮೇಡಂ ಸ್ಟೂಲು ಕೊಟ್ಟರೂ ಈ ಮನುಷ್ಯ ಕೂರಗೊಡಬೇಕಲ್ಲ. ಈಗ ಕೆಮ್ಮಿದರೂ ಕೆಲಸ ಹೋದಂತೆಯೇ.

ಮೊದಲ ನಾಲ್ಕು ಗಂಟು ಹೇಗೋ ಕಳೆದವು. ಎರಡನೇ ಗಂಟಿನಲ್ಲಿ ಯಜಮಾನರು ಪ್ರತಿಮೆಯೆಂದು ಅಗ್ನಿಶಾಮಕದ ಕೆಂಪು ಸಿಲಿಂಡರನ್ನು ತಬ್ಬಿ, ಎಂಥ ಸರಳ ರೂಪವೆಂದು ಉದ್ಗರಿಸಿದರು. ನಾಲ್ಕರಲ್ಲಿ ಅವರ ಶ್ರೀಮತಿ ಕುದುರೆಯ ಮೂತಿಗೆ ತಮ್ಮ ಮೂಗು ಬಡಿಸಿಕೊಂಡು, ಕಲಾವಿದನ ಧೈರ್ಯವನ್ನು ಹೊಗಳಿದರು. ಮುಟ್ಟಬೇಡಿಯ ಗಂಟಲಲ್ಲಿ ಆ ಒಂದು ಮಾತು ತಂತಾನೇ ಮೇಲೆದ್ದು ಬರುತ್ತಿತ್ತು. ಯಾರಾದರೂ ಕೈ ಚಾಚಿದಾಗಲೆಲ್ಲ ಅದು ಹಲ್ಲಿನವರೆಗೆ ಬಂದು ನಿಲ್ಲುತ್ತಿತ್ತು, ಇವನು ಎಂಜಲು ನುಂಗಿ ಮತ್ತೆ ಒಳಗೆ ಕಳಿಸುತ್ತಿದ್ದ.

ಐದನ್ನು ಬಿಟ್ಟು ನಡೆಯಬೇಕೆಂದು ಗೈಡಿಗೆ ನೆನಪಿತ್ತು. ತೊಂದರೆಯೆಂದರೆ ಅವಳು ವಿವರಣೆಯನ್ನು ಮಗ್ಗಿಯ ಹಾಗೆ ಉರು ಹೊಡೆದಿದ್ದಳು. ನಡುವೆ ಒಂದು ಬಿಟ್ಟರೆ ಒಂದರಿಂದ ಮತ್ತೆ ಶುರುಮಾಡಬೇಕಾಗುತ್ತಿತ್ತು. ನಾಲ್ಕು ಮುಗಿದೊಡನೆ ಬಾಯಿ ತನ್ನ ಪಾಡಿಗೆ ತಾನು ಐದಕ್ಕೆ ಹೋಯಿತು.

"ಈಗ ನಿಮ್ಮ ಮುಂದೆ ವಿಜಯಿ ಸೇನಾಪತಿ. ಕಂಚಿನ ಕೃತಿ. ಎತ್ತಿದ ಎದೆ, ಸೊಂಟದಲ್ಲಿ ಖಡ್ಗ, ಕಂಬದಂಥ ಕಾಲು. ದಯವಿಟ್ಟು ಮುಟ್ಟಿ."

ಮುಟ್ಟಿದರು. ಹತ್ತು ಕೈ ಒಟ್ಟಿಗೆ ಬಂತು. ಒಂದು ಕಿವಿ ಹಿಡಿಯಿತು, ಒಂದು ಹೊಟ್ಟೆಯ ಸುತ್ತಳತೆ ತೆಗೆದುಕೊಂಡಿತು, ಇನ್ನೊಂದು ಸೊಂಟದ ಖಡ್ಗ ಹುಡುಕಿ ಬೀಗದ ಕೈ ಗೊಂಚಲನ್ನು ಝಣಝಣಿಸಿತು. ಯಾರದೋ ಬೆರಳು ಕಂಕುಳಿಗೆ ಹೋದಾಗ ಮುಟ್ಟಬೇಡಿಗೆ ನಗು ಉಕ್ಕಿ ಬಂದು, ಅದನ್ನು ತಡೆದದ್ದಕ್ಕೆ ಕಣ್ಣಲ್ಲಿ ನೀರು ಬಂತು. ಹಗ್ಗ ಬಿಡುವಂತಿಲ್ಲ, ಬಾಯಿ ಬಿಡುವಂತಿಲ್ಲ. ಹನ್ನೊಂದು ವರ್ಷ ಊರಿಗೆಲ್ಲ ಮುಟ್ಟಬೇಡಿ ಎಂದವನು ತನಗಾಗಿ ಒಂದು ಸಲ ಹಾಗೆನ್ನಲಾರದೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿ ನಿಂತಿದ್ದ.

ಶ್ರೀಮತಿಯವರಿಗೆ ಅನುಮಾನ ಬಂತು. ಕಂಚು ಬೆಚ್ಚಗಿದೆಯಲ್ಲ, ಬಟ್ಟೆಯೂ ಬಟ್ಟೆಯ ಹಾಗೇ ಇದೆಯಲ್ಲ ಎಂದರು. ಗೈಡ್ ಕೈ ಚಾಚಿ ಮುಟ್ಟಿ ನೋಡಿದಳು. ಅವಳ ಕೈಗೆ ಸಿಕ್ಕಿದ್ದು ಮುಟ್ಟಬೇಡಿಯ ಮೂಗು. ಅದು ಬಿಸಿ ಉಸಿರು ಬಿಟ್ಟಿತು. ಹುಡುಗಿಗೆ ಎಲ್ಲ ತಿಳಿದುಹೋಯಿತು. ಅವಳ ಮೂರು ತಿಂಗಳ ಗುತ್ತಿಗೆ ಆ ವಾರವೇ ಮುಗಿಯುತ್ತಿತ್ತೆಂಬುದೂ ನೆನಪಾಯಿತು. "ಇದು ಮಿಶ್ರ ಮಾಧ್ಯಮದ ಕೃತಿ" ಎಂದಳು.

ಎಲ್ಲರೂ ತಲೆದೂಗಿದರು. ಮಿಶ್ರ ಮಾಧ್ಯಮವೆಂದ ಮೇಲೆ ಕಂಚು ಬೆವರಿದರೂ ಕೇಳುವಂತಿಲ್ಲ.

ಅಷ್ಟರಲ್ಲಿ ಯಜಮಾನರು ಬಗ್ಗಿ ಕಾಲಿಗೆ ಕೈ ಹಾಕಿದ್ದರು. ಕೈ ಮೇಲೇರಿ ಬಲಮಂಡಿಗೆ ಬಂತು, ನಿಂತಿತು. ಒಂದು ಸುತ್ತು ಸವರಿತು, ಮತ್ತೊಂದು ಸುತ್ತು ಸವರಿತು. ಒತ್ತಿ ನೋಡಿತು. ಮುಟ್ಟಬೇಡಿಗೆ ಪ್ರಾಣ ನೆತ್ತಿಗೆ ಹೋಯಿತು. ಯಜಮಾನರ ದನಿ ಒದ್ದೆಯಾಯಿತು.

"ಇದು ಸೇನಾಪತಿ ಮಂಡಿ ಅಲ್ಲಮ್ಮ. ಶಿಲ್ಪಿ ನಿಮಗೆಲ್ಲ ಟೋಪಿ ಹಾಕಿದಾನೆ. ಇದು ನಿಂತೂ ನಿಂತೂ ಸೋತ ಬಡವನ ಮಂಡಿ. ಯಾವ ಪಾಪಿ ಇವನನ್ನ ಇಷ್ಟು ವರ್ಷ ನಿಲ್ಲಿಸಿದಾನೋ."

ಆ ಪಾಪಿಯ ಕೈ ಮಂಡಿಯ ಮೇಲೇ ಇತ್ತು. ಮುಟ್ಟಬೇಡಿ ಕೆಳಗೆ ನೋಡಿದ. ಯಜಮಾನರ ಕಪ್ಪು ಪಟ್ಟಿಯ ಕೆಳಗಿಂದ ನೀರು ಇಳಿಯುತ್ತಿತ್ತು, ನಿಜವಾದ ನೀರು. ಇವನಿಗೆ ಒಂದು ಕ್ಷಣ, ಅಯ್ಯೋ ಪಾಪ, ನಾನೇ ಸಮಾಧಾನ ಮಾಡಲೇ ಅನ್ನಿಸಿತು. ಮರುಕ್ಷಣ ಒದೆಯಲೇ ಅನ್ನಿಸಿತು. ಎರಡಕ್ಕೂ ಮಂಡಿ ಒಪ್ಪಲಿಲ್ಲ.

ಅಜ್ಜಿಗೆ ಈ ಮಂಡಿ ಪುರಾಣ ಸಾಕಾಗಿತ್ತು. ತಿಂಗಳಿಗೊಂದು ಸಲ ಯಾರಾದರೂ ಕರೆದುಕೊಂಡು ಹೋಗಿ ಏನಾದರೂ ಮುಟ್ಟಿಸುತ್ತಿದ್ದರು. ಅವಳು ಬರುತ್ತಿದ್ದುದು ಕೊನೆಯಲ್ಲಿ ಸಿಗುವ ಚಹಾಕ್ಕೆ. ಕೈ ಚಾಚಿ ಮುಟ್ಟಬೇಡಿಯ ಮಣಿಕಟ್ಟು ಹಿಡಿದು ಒಂದು ಗಳಿಗೆ ನೋಡಿ, "ಸ್ವಾಮಿ, ಇದು ಬೊಂಬೆ ಅಲ್ಲ, ಮನುಷ್ಯ. ನಾಡಿ ಹೊಡ್ಕೋತಿದೆ. ಮೊದ್ಲು ಕೂರಿಸ್ರಪ್ಪ ಇವನನ್ನ" ಎಂದಳು.

ಮುಟ್ಟಬೇಡಿ ಉಸಿರು ಬಿಗಿಹಿಡಿದ. ಕೆಲಸ ಹೋಯಿತು. ಸ್ಟೂಲೂ ಹೋಯಿತು.

"ಕೇಳಿದ್ರಾ" ಎಂದರು ಯಜಮಾನರು ಗದ್ಗದಿತರಾಗಿ. "ಬೊಂಬೆ ಅಲ್ಲ, ಮನುಷ್ಯ. ಒಂದೇ ಮಾತಲ್ಲಿ ಇಡೀ ಕೃತಿಯ ಅರ್ಥ ಹೇಳಿಬಿಟ್ರು."

ಮಹಾಪೋಷಕರು ಕೈತಟ್ಟಿದರು. ಕಣ್ಣು ಕಾಣದ್ದರಿಂದ ಕೆಲವರ ಒಂದು ಕೈ ಪಕ್ಕದವರ ಬೆನ್ನಿಗೂ ಬಿತ್ತು. ನಾನು ಹೇಳಿದ್ದು ಹಾಗಲ್ಲ ಎಂದು ಅಜ್ಜಿ ಎರಡು ಸಲ ಹೇಳಿ ನೋಡಿದಳು. ಆ ಎರಡು ಸಲವೂ ಇನ್ನಷ್ಟು ಚಪ್ಪಾಳೆ ಬಂದಿತು. "ಹಾಳಾಗ್ಲಿ, ಇವರಿಗೆ ನಾನು ಕೆಮ್ಮಿದ್ರೂ ಪದ್ಯ ಕೇಳಿಸುತ್ತೆ" ಎಂದು ಗೊಣಗಿಕೊಂಡು, ಸಾಲು ಮುಂದೆ ಸರಿಯುವಾಗ ಸೆರಗಿನ ಗಂಟಿನಿಂದ ಪೆಪ್ಪರ್‌ಮಿಂಟೊಂದನ್ನು ತೆಗೆದು ಮುಟ್ಟಬೇಡಿಯ ಅಂಗೈಗೆ ತುರುಕಿದಳು. "ಬಾಯಿಗೆ ಹಾಕ್ಕೋ ಮಗಾ. ಯಾರೂ ನೋಡ್ತಿಲ್ಲ."

ಆರು, ಏಳು ಗಂಟುಗಳು ಬೇಗ ಮುಗಿದವು. ಐದನೆಯದನ್ನು ಕಂಡ ಮೇಲೆ ತಾಯಿ-ಮಗು ಯಾರಿಗೂ ರುಚಿಸಲಿಲ್ಲ. ಕಣ್ಪಟ್ಟಿಯನ್ನು ಚಹಾದ ಕೋಣೆಗೆ ಹೋದ ಮೇಲೆಯೇ ಬಿಚ್ಚಬೇಕು, ಇಲ್ಲದಿದ್ದರೆ ಅನುಭವ ಚೆಲ್ಲಿಹೋಗುತ್ತದೆ ಎಂಬ ನಿಯಮವಿತ್ತು. ಹಾಗಾಗಿ ಬಂದ ಹಾಗೇ ಸಾಲು ಕತ್ತಲಲ್ಲಿ ಹೊರಟುಹೋಯಿತು. ಬಾಗಿಲು ಮುಚ್ಚಿತು.

ಮುಟ್ಟಬೇಡಿ ಪೆಪ್ಪರ್‌ಮಿಂಟ್ ಚೀಪುತ್ತ ಹಗ್ಗ ಹಿಡಿದು ಹಾಗೇ ನಿಂತ. ಇಳಿ ಎಂದು ಯಾರೂ ಹೇಳಿರಲಿಲ್ಲ. ದೂರು ಬಂತೋ ಇಲ್ಲವೋ, ಅದೂ ತಿಳಿಯಲಿಲ್ಲ. ಅತ್ತದ್ದು ದೂರಿನ ಲೆಕ್ಕಕ್ಕೆ ಬರುತ್ತದೆಯೇ? ಹೊಗಳಿದ್ದು ಸೇನಾಪತಿಯನ್ನೋ ತನ್ನನ್ನೋ? ತನ್ನನ್ನಾದರೆ ಏಕೆ, ಸೇನಾಪತಿಯನ್ನಾದರೆ ಹೇಗೆ? ಯೋಚಿಸಿದಷ್ಟೂ ತಲೆ ಸಿಕ್ಕಾದ ನೂಲಿನ ಉಂಡೆಯಾಯಿತು. ಮಧ್ಯೆ ಒಮ್ಮೆ ಆಕಳಿಕೆ ಇಣುಕಿ, ಚಹಾದ ಕೋಣೆಯಲ್ಲಿ ಯಜಮಾನರು ಭಾಷಣ ಮಾಡುತ್ತಿದ್ದಾರೆ, ಮಂಡಿ ಮಂಡಿ ಎನ್ನುತ್ತಿದ್ದಾರೆ, ಅದರ ಹೊರತು ಏನೂ ಅರ್ಥವಾಗಲಿಲ್ಲವೆಂದು ವರದಿ ಒಪ್ಪಿಸಿ ಬಿಸ್ಕತ್ತು ತಿನ್ನಲು ಓಡಿದ.

ಸಂಜೆಯ ಹೊತ್ತಿಗೆ ಚಪ್ಪಲಿಯ ಸದ್ದು ಬಂತು. ಹಿಂದೆಯೇ ಮೇಡಂ ಬಂದರು. ಅವರ ಹಿಂದೆ ಆಕಳಿಕೆ, ಆಕಳಿಕೆಯ ತಲೆಯ ಮೇಲೆ ಒಂದು ಸ್ಟೂಲು. ಅಂತಿಂಥ ಸ್ಟೂಲಲ್ಲ, ಕೆಂಪು ಮಖಮಲ್ಲಿನ ಮೆತ್ತೆಯದು. ಮುಟ್ಟಬೇಡಿಗೆ ಕಣ್ಣು ಮಂಜಾಯಿತು. ಹೆಂಡತಿಯ ಮುಖ ಕಂಡಿತು.

"ಒಂದು ದೂರೂ ಇಲ್ಲ" ಎಂದರು ಮೇಡಂ. ಬೆಳಗಿನಿಂದ ಮೊದಲ ಸಲ ನಕ್ಕರು. ಯಜಮಾನರು ಎಷ್ಟು ಕರಗಿದ್ದಾರೆಂದರೆ ಇಡೀ ಶಿಲ್ಪಾಂಗಣದ ಖರ್ಚನ್ನು ತಾವೇ ಹೊರುತ್ತಾರಂತೆ. ಇನ್ನು ಇಲ್ಲಿ ದಿನವೂ ಕಣ್ಣಿಗೆ ರಜೆ. ಯಜಮಾನರು ತಮ್ಮ ಗೆಳೆಯರನ್ನೆಲ್ಲ ಕರೆತಂದು ಐದನೆಯದನ್ನು ಮುಟ್ಟಿಸುತ್ತಾರೆ. ಸಾಮಾನ್ಯ ಜನ ಮಿಕ್ಕ ಆರನ್ನು ಮುಟ್ಟಿಕೊಳ್ಳಲಿ. ಐದನೆಯದಕ್ಕೆ ಕಂಡವರ ಕೈ ತಾಗಕೂಡದು, ಪಕ್ಕದಲ್ಲೇ ಒಬ್ಬ ಕಾವಲುಗಾರ ಇರಬೇಕು. ಅವನಿಗೊಂದು ಸ್ಟೂಲು ಬೇಕೆಂದು ಮೇಡಂ ಕೇಳಿದ್ದಕ್ಕೆ ಯಜಮಾನರು ಎದೆ ಮುಟ್ಟಿಕೊಂಡು, ಆ ಮಂಡಿಯನ್ನು ಕಂಡ ಮೇಲೂ ಕಾವಲುಗಾರನನ್ನು ನಿಲ್ಲಿಸಲು ನಾನೇನು ರಾಕ್ಷಸನೇ ಎಂದರಂತೆ.

ಮುಟ್ಟಬೇಡಿ ಹಗ್ಗ ಬಿಟ್ಟ. ಕೈ ಮುಗಿದು, ಬಾತ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಪೀಠದಿಂದ ಒಂದು ಕಾಲು ಕೆಳಗಿಟ್ಟ.

"ನೀನೆಲ್ಲಿಗೆ ಇಳೀತಿದ್ದೀಯ?" ಎಂದರು ಮೇಡಂ.

"ಸ್ಟೂಲಿಗೆ, ಮೇಡಂ."

"ಸ್ಟೂಲು ಕಾವಲುಗಾರನಿಗೆ. ನೀನು ಐದನೇದು."

ಅವನಿಗೆ ಅರ್ಥವಾಗಲಿಲ್ಲ. ಸೇನಾಪತಿ ಎಲ್ಲಿ ಎಂದ. ಗೋದಾಮಿನಲ್ಲಿ ಮಲಗಿರುತ್ತಾನೆ, ಅವನಿಂದ ಇನ್ನು ಪ್ರಯೋಜನವಿಲ್ಲ, ತಣ್ಣಗಿದ್ದಾನೆ, ಮಂಡಿಯೂ ನೆಟ್ಟಗಿದೆ, ಯಜಮಾನರು ಒಂದು ಸಲ ಸವರಿದರೆ ಸಾಕು ಮೋಸ ಗೊತ್ತಾಗಿಬಿಡುತ್ತದೆ ಎಂದರು ಮೇಡಂ. ಯಜಮಾನರಿಗೆ ನಿಜ ಹೇಳಿಬಿಟ್ಟರೆ ಎಂದು ಇವನು ತೊದಲಿದ.

"ಏನಂತ ಹೇಳ್ಲಿ? ನಿಮ್ಮ ಕೂಲಿಯವನ ಕಾಲು ಹಿಡ್ಕೊಂಡು ಅತ್ತಿದೀರಿ ಅಂತಾನಾ? ಹೇಳಿದ ದಿನವೇ ನೀನೂ ಹೊರಗೆ, ನಾನೂ ಹೊರಗೆ." ಮೇಡಂ ಬಾಗಿಲವರೆಗೆ ಹೋಗಿ ತಿರುಗಿದರು. "ಅಂದ ಹಾಗೆ, ಮಂಡಿಗೆ ಎಣ್ಣೆ ಗಿಣ್ಣೆ ಏನೂ ಹಚ್ಚಬೇಡ. ಇಳಿದು ಗಿಳಿದೀತು. ಅದೇ ಕೃತಿಯ ಜೀವಾಳ."

ಚಪ್ಪಲಿಯ ಸದ್ದು ದೂರವಾಯಿತು. ಆಕಳಿಕೆ ಸ್ಟೂಲನ್ನು ಪೀಠದ ಪಕ್ಕಕ್ಕೆ ಎಳೆದು, ಮೆತ್ತೆ ತಟ್ಟಿ, ಕೂತ. ಮಖಮಲ್ಲು ಮೆತ್ತಗೆ ಉಸ್ಸೆಂದಿತು. "ನಿನ್ನ ಪುಣ್ಯ ಅಣ್ಣಾ, ಎಷ್ಟು ವರ್ಷದ ಮೇಲೆ ಸೊಂಟ ಊರಿದೆ" ಎಂದು ಗೋಡೆಗೆ ಒರಗಿ, ಕಣ್ಣು ಮುಚ್ಚಿದ.

ಒಂದು ಕಾಲು ಪೀಠದ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು ಮುಟ್ಟಬೇಡಿ ನಿಂತಿದ್ದ. ಮನೆಗೆ ಹೋಗಿ ಏನೆಂದು ಹೇಳುವುದು? ಸ್ಟೂಲ್ ಬಂತು ಅನ್ನಬೇಕೋ ಬರಲಿಲ್ಲ ಅನ್ನಬೇಕೋ? ಇವತ್ತು ಊಟ ಕೂತೋ ನಿಂತೋ? ಕಣ್ಣೆದುರೇ ಇದೆ, ಆದರೂ ಇದೆಯೋ ಇಲ್ಲವೋ ನಂಬಿಕೆಯಾಗಲಿಲ್ಲ. ಖಾತ್ರಿ ಮಾಡಿಕೊಳ್ಳಲೆಂದು ಬಗ್ಗಿ, ಆಕಳಿಕೆಯ ತೊಡೆಯಾಚೆ ಇಣುಕುತ್ತಿದ್ದ ಆ ಕೆಂಪು ಮೆತ್ತೆಯ ಅಂಚಿಗೆ ಒಂದೇ ಒಂದು ಬೆರಳು ಚಾಚಿದ.

ಆಕಳಿಕೆ ಕಣ್ಣು ತೆರೆಯಲೂ ಇಲ್ಲ.

"ಮುಟ್ಟಬೇಡಿ" ಎಂದ.